ಗೋಡೆಯ ಮೇಲೆ ಮುಗಿಯುವ ಯಂತ್ರ

ಕಿಟಕಿ ಎ.ಸಿ.ಗಳ ಕಾಲವನ್ನು ಕಂಡವರಿಗೆ ಅವುಗಳ ಸದ್ದು ನೆನಪಿದೆ, ಕೋಣೆಯ ಅರ್ಧ ಬೆಳಕನ್ನು ಅವು ನುಂಗಿದ್ದೂ ನೆನಪಿದೆ. ಆ ಪೆಟ್ಟಿಗೆಗಿದ್ದ ಒಂದು ದೊಡ್ಡ ಗುಣವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಕಂಪ್ರೆಸರ್, ಎರಡು ಕಾಯಿಲ್‌, ಅವುಗಳನ್ನು ಸೇರಿಸುವ ತಾಮ್ರದ ಕೊಳವೆ, ಒಳಗಿನ ಗ್ಯಾಸ್ ಎಲ್ಲವೂ ಕಾರ್ಖಾನೆಯಲ್ಲೇ ಬೆಸುಗೆಯಾಗಿ, ಪರೀಕ್ಷೆಯಾಗಿ, ಮುಚ್ಚಿಕೊಂಡು ಬರುತ್ತಿದ್ದವು. ಬಡಗಿ ಮರದ ಚೌಕಟ್ಟು ಮಾಡಿಕೊಟ್ಟರೆ, ನಾಲ್ಕು ಜನ ಎತ್ತಿ ಕೂರಿಸಿ, ನೀರು ಹೊರಗೆ ಹೋಗುವಷ್ಟು ಹಿಂದಕ್ಕೆ ವಾಲಿಸಿ, ಪ್ಲಗ್ ಹಾಕಿದರೆ ಕೆಲಸ ಮುಗಿಯಿತು. ಗ್ಯಾಸ್ ಹರಿಯುವ ದಾರಿಯನ್ನು ಮನೆಯಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ. ಸ್ಪ್ಲಿಟ್ ಎ.ಸಿ. ಬಂದಾಗ ನಾವು ಮೆಚ್ಚಿದ್ದು ಅದರ ಮೌನವನ್ನು. ಸದ್ದು ಮಾಡುವ ಭಾಗ ಹೊರಗೆ ಹೋಯಿತು, ಕಿಟಕಿ ಮತ್ತೆ ಕಿಟಕಿಯಾಯಿತು. ಅದರ ಜೊತೆಗೇ ಇನ್ನೊಂದು ಬದಲಾವಣೆಯೂ ಆಯಿತು, ಅದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಒಳಗಿನ ಪೆಟ್ಟಿಗೆಗೂ ಹೊರಗಿನ ಪೆಟ್ಟಿಗೆಗೂ ನಡುವೆ ಎರಡು ಕೊಳವೆ, ಒಂದೊಂದಕ್ಕೆ ಎರಡು ತುದಿ, ಒಟ್ಟು ನಾಲ್ಕು ಜೋಡಣೆ. ಕಾರ್ಖಾನೆಯ ಮೇಜಿನ ಮೇಲೆ ಆಗಬೇಕಿದ್ದ ಈ ನಾಲ್ಕು ಜೋಡಣೆಗಳನ್ನು ಈಗ ಮೂರನೇ ಮಹಡಿಯ ಸಜ್ಜೆಯ ಮೇಲೆ, ಏಪ್ರಿಲ್ ಬಿಸಿಲಿನಲ್ಲಿ, ಒಂದು ಕೈಯಲ್ಲಿ ಕಿಟಕಿಯ ಸರಳನ್ನೂ ಇನ್ನೊಂದರಲ್ಲಿ ಸ್ಪ್ಯಾನರನ್ನೂ ಹಿಡಿದವನು ಮಾಡುತ್ತಾನೆ.

ಎ.ಸಿ. ಕೂರಿಸುವ ಈ ಕಸುಬಿನ ನಡುವೆ ಕಳೆದ ವರ್ಷಗಳನ್ನು ಹಿಂತಿರುಗಿ ನೋಡಿದಾಗ ನನಗೆ ಗಟ್ಟಿಯಾಗಿ ಅನ್ನಿಸುವುದು ಇಷ್ಟು: ಸ್ಪ್ಲಿಟ್ ಎ.ಸಿ. ಕಾರ್ಖಾನೆಯಲ್ಲಿ ಮುಗಿಯುವ ಯಂತ್ರವಲ್ಲ. ಅದರ ತಯಾರಿಕೆಯ ಕೊನೆಯ ಹಂತ ನಮ್ಮ ಗೋಡೆಯ ಮೇಲೆ ನಡೆಯುತ್ತದೆ. ಆ ಹಂತ ಸರಿಯಾಯಿತೋ ಇಲ್ಲವೋ ಎಂಬುದಕ್ಕೆ ನಾವೆಲ್ಲ ಒಪ್ಪಿಕೊಂಡ ಸಾಕ್ಷಿ, ಅಂದರೆ ಸ್ವಿಚ್ ಹಾಕಿದ ಮೇಲೆ ಬರುವ ತಣ್ಣನೆಯ ಗಾಳಿ, ಸಾಕ್ಷಿಯೇ ಅಲ್ಲ. ಸಾಕ್ಷಿ ಗ್ಯಾಸ್ ಬಿಡುವುದಕ್ಕೆ ಮುಂಚೆಯೇ ಸಿಗುತ್ತದೆ, ಒಂದು ಅಳತೆಯ ರೂಪದಲ್ಲಿ. ಆ ಅಳತೆಯನ್ನು ಕೇಳದೆ ನಾವು ಒಂದು ಇಡೀ ಕಾಲಘಟ್ಟವನ್ನು ಕಳೆದಿದ್ದೇವೆ.

ಹೊಸ ಎ.ಸಿ. ಬಂದಾಗ ಗ್ಯಾಸ್ ಇರುವುದು ಹೊರಗಿನ ಪೆಟ್ಟಿಗೆಯಲ್ಲಿ, ಎರಡು ವಾಲ್ವ್‌ಗಳ ಹಿಂದೆ. ಒಳಗಿನ ಕಾಯಿಲ್‌ನಲ್ಲಿಯೂ ಈಗಷ್ಟೇ ಜೋಡಿಸಿದ ಕೊಳವೆಯಲ್ಲಿಯೂ ಇರುವುದು ನಮ್ಮ ಕೋಣೆಯ ಗಾಳಿ, ಆ ಗಾಳಿಯಲ್ಲಿ ನೀರಿನ ಆವಿ. ಗಾಳಿಯನ್ನು ಒಳಗೇ ಬಿಟ್ಟರೆ ಅದು ಗ್ಯಾಸಿನ ಹಾಗೆ ದ್ರವವಾಗುವುದಿಲ್ಲ. ಹೊರಗಿನ ಕಾಯಿಲ್‌ನಲ್ಲಿ ಜಾಗ ಹಿಡಿದು ಕೂತು ಒತ್ತಡವನ್ನು ಏರಿಸುತ್ತದೆ, ಅಷ್ಟೇ ತಂಪಿಗೆ ಕಂಪ್ರೆಸರ್ ಹೆಚ್ಚು ಕರೆಂಟು ಎಳೆಯುತ್ತದೆ. ನೀರಿನ ಕೇಡು ಇನ್ನೂ ನಿಧಾನದ್ದು, ಇನ್ನೂ ಆಳದ್ದು. ಆರ್-410ಎ ಮತ್ತು ಆರ್-32 ಗ್ಯಾಸಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಕೃತಕ ಎಣ್ಣೆ ತೇವವನ್ನು ಹೀರಿಕೊಳ್ಳುತ್ತದೆ. ಎಣ್ಣೆಯಲ್ಲಿ ಸೇರಿದ ನೀರು ಕಂಪ್ರೆಸರಿನ ಬಿಸಿಯಲ್ಲಿ ಎಣ್ಣೆಯನ್ನೇ ಒಡೆದು ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಮೋಟಾರಿನ ತಂತಿಯ ಮೇಲಿನ ತೆಳು ಹೊದಿಕೆಯನ್ನು ತಿನ್ನುತ್ತ ಹೋಗುತ್ತದೆ. ಇದೆಲ್ಲ ಮೊದಲ ದಿನ ಕಾಣುವುದಿಲ್ಲ, ಮೊದಲ ಬೇಸಿಗೆಯಲ್ಲೂ ಕಾಣುವುದಿಲ್ಲ. ಮೂರನೆಯದೋ ನಾಲ್ಕನೆಯದೋ ಬೇಸಿಗೆಯಲ್ಲಿ ಕಂಪ್ರೆಸರ್ ಸುಟ್ಟಾಗ ಮನೆಯವರು ಕಂಪನಿಯನ್ನು ಬೈಯುತ್ತಾರೆ, ಕಂಪನಿ ವೋಲ್ಟೇಜನ್ನು ದೂರುತ್ತದೆ, ಫಿಟ್ಟಿಂಗ್ ದಿನದ ಆ ಅರ್ಧ ಗಂಟೆ ಯಾರ ನೆನಪಿಗೂ ಬರುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ನಡೆಯುತ್ತಿದ್ದುದು ಪರ್ಜ್ ಮಾಡುವುದು. ಒಂದು ಕಡೆಯ ವಾಲ್ವನ್ನು ಅಲೆನ್ ಕೀಯಿಂದ ಸ್ವಲ್ಪ ತೆರೆದು, ಇನ್ನೊಂದು ಕಡೆಯ ನಟ್ಟನ್ನು ಸಡಿಲಿಸಿ, ಗ್ಯಾಸನ್ನು ಕೆಲವು ಕ್ಷಣ ಬುಸ್ ಎನ್ನಿಸಿ ಹೊರಗೆ ಬಿಡುವುದು. ಒಳಗಿನ ಗಾಳಿಯನ್ನು ಅದು ತಳ್ಳಿಕೊಂಡು ಹೋಗುತ್ತದೆಂಬ ನಂಬಿಕೆ. ಇದನ್ನು ಕೆಲಸಗಾರರ ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಹಿಂದಿನ ಆರ್-22 ಗ್ಯಾಸಿನ ಕಾಲದ ಕೆಲವು ಕೈಪಿಡಿಗಳೇ ಇದಕ್ಕೆ ಅವಕಾಶ ಕೊಟ್ಟಿದ್ದವು. ಗುರುವಿನಿಂದ ಶಿಷ್ಯನಿಗೆ ಅದೇ ಕ್ರಮ ದಾಟಿ ಬಂತು. ಆದರೆ ಬುಸ್ ಎಂದು ಹೋಗುವ ಗ್ಯಾಸ್ ಗಾಳಿಯ ಒಂದಷ್ಟನ್ನು ಮಾತ್ರ ತಳ್ಳುತ್ತದೆ, ಕೊಳವೆಯ ಒಳಮೈಗೆ ಅಂಟಿದ ತೇವವನ್ನು ಅಲುಗಿಸುವುದೂ ಇಲ್ಲ. ನೀರನ್ನು ತೆಗೆಯಲು ಒಂದೇ ದಾರಿ, ಅದನ್ನು ಆವಿ ಮಾಡಿ ಹೊರಗೆಳೆಯುವುದು.

ಬೆಂಕಿಯಿಲ್ಲದೆ ನೀರು ಕುದಿಯುವುದು ಹೇಗೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸಮುದ್ರ ಮಟ್ಟದ ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮುಳ್ಳಯ್ಯನಗಿರಿಯ ತುದಿಯಲ್ಲಿ 93-94 ಡಿಗ್ರಿಗೇ ಕುದಿಯುತ್ತದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ. ಒತ್ತಡವನ್ನು ಇಳಿಸುತ್ತಲೇ ಹೋದರೆ 25 ಡಿಗ್ರಿಯ ಕೋಣೆಯಲ್ಲೇ ನೀರು ಕುದಿಯುವ ಹಂತ ಬರುತ್ತದೆ. ಈ ಇಳಿತವನ್ನು ಕಸುಬಿನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತಾರೆ. ಸಮುದ್ರ ಮಟ್ಟದ ಗಾಳಿಯ ಒತ್ತಡ 7,60,000 ಮೈಕ್ರಾನ್. ಸುಮಾರು 24,000ಕ್ಕೆ ಇಳಿದಾಗ 25 ಡಿಗ್ರಿಯ ನೀರು ಕುದಿಯತೊಡಗುತ್ತದೆ. 500ಕ್ಕೆ ಇಳಿದು ಅದರ ಹತ್ತಿರವೇ ನಿಂತರೆ ಕೊಳವೆಯಲ್ಲಿ ತೇವ ಅಂಟಿಕೊಂಡು ಉಳಿಯುವ ಮಾತೇ ಇಲ್ಲ. ವ್ಯಾಕ್ಯೂಮ್ ಪಂಪಿನ ಕೆಲಸ ಗಾಳಿ ಎಳೆಯುವುದಷ್ಟೇ ಅಲ್ಲ, ಕೊಳವೆಯನ್ನು ಒಣಗಿಸುವುದು. ಗಾಳಿ ಬೇಗ ಹೋಗುತ್ತದೆ, ತೇವಕ್ಕೆ ಸಮಯ ಬೇಕು, ಮಳೆಗಾಲದ ಕರಾವಳಿಯಲ್ಲಿ ಇನ್ನೂ ಹೆಚ್ಚು ಸಮಯ ಬೇಕು.

ಈಗ ಪರ್ಜ್ ಕಡಿಮೆಯಾಗುತ್ತಿದೆ, ಪಂಪ್ ತರುವವರು ಹೆಚ್ಚಾಗುತ್ತಿದ್ದಾರೆ, ಹಾಗಾದರೆ ದೂರೇನು ಎಂದು ಕೇಳಬಹುದು. ಪಂಪ್ ಓಡಿಸುವುದು ಬೇರೆ, ವ್ಯಾಕ್ಯೂಮ್ ಆಗುವುದು ಬೇರೆ. ಹದಿನೈದು ನಿಮಿಷ ಓಡಿಸಿದೆ ಎಂಬುದು ಸಮಯದ ಲೆಕ್ಕ, ಒಳಗಿನ ಸ್ಥಿತಿಯ ಲೆಕ್ಕವಲ್ಲ. ಪಂಪಿನ ಎಣ್ಣೆಯನ್ನು ಬಹಳ ದಿನ ಬದಲಿಸದಿದ್ದರೆ, ಹೋಸಿನ ವಾಷರ್ ಸವೆದಿದ್ದರೆ, ಒಂದು ಗಂಟೆ ಓಡಿದರೂ ಅದು 500ಕ್ಕೆ ಇಳಿಯುವುದಿಲ್ಲ. ಮುಳ್ಳಿನ ಗೇಜ್ ನೋಡಿದರೆ ಗೊತ್ತಾಗುವುದಿಲ್ಲವೇ? ಇಲ್ಲ. ಆ ಗೇಜಿನಲ್ಲಿ ಸೊನ್ನೆಯಿಂದ ಕೆಳಗೆ 30 ಇಂಚಿನವರೆಗೆ ಗೀಟುಗಳಿವೆ, ಒಂದು ಇಂಚೆಂದರೆ 25,400 ಮೈಕ್ರಾನ್. ನೀರು ಆಗತಾನೆ ಕುದಿಯತೊಡಗುವ ಮಟ್ಟಕ್ಕೂ ಕೊಳವೆ ಪೂರ್ತಿ ಒಣಗಿದ ಮಟ್ಟಕ್ಕೂ ಇರುವ ಇಡೀ ಅಂತರ ಆ ಮುಳ್ಳಿಗೆ ಒಂದು ಇಂಚಿನೊಳಗೇ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಈ ಊರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿಯ ಗಾಳಿಯ ಒತ್ತಡವೇ ಸುಮಾರು 27 ಇಂಚು. ಹೊರಗಿನ ಗಾಳಿಗೆ ಹೋಲಿಸಿ ಅಳೆಯುವ ಈ ಗೇಜ್ ಇಲ್ಲಿ ಪೂರ್ಣ ಶೂನ್ಯದಲ್ಲೂ 27ರ ಹತ್ತಿರವೇ ನಿಲ್ಲಬೇಕು. ಪುಸ್ತಕದಲ್ಲಿ 30 ಎಂದು ಓದಿ ಬಂದ ಹುಡುಗ ಇಲ್ಲಿ ಎಷ್ಟು ಹೊತ್ತು ಕಾದರೂ ಆ ಗೀಟು ಸಿಗುವುದಿಲ್ಲ. ಕೊನೆಗೆ ಅವನು ಗೇಜನ್ನೇ ನಂಬುವುದನ್ನು ಬಿಡುತ್ತಾನೆ, ನಂಬಿಕೆ ಹೋದ ಸಲಕರಣೆಯನ್ನು ನೋಡುವುದನ್ನೂ ಬಿಡುತ್ತಾನೆ.

ಆದ್ದರಿಂದ ಬೇಕಾದ್ದು ಮೈಕ್ರಾನ್ ಗೇಜ್, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಂದೇ ಸಂಖ್ಯೆ ತೋರಿಸುವಂಥದು. ಅದರ ನಿಜವಾದ ಉಪಯೋಗ ಪಂಪ್ ನಿಲ್ಲಿಸಿದ ಮೇಲಿನದು. 500ಕ್ಕೆ ಇಳಿದ ಮೇಲೆ ಪಂಪಿನ ಕಡೆ ಮುಚ್ಚಿ ಹತ್ತು ನಿಮಿಷ ಸುಮ್ಮನೆ ನೋಡಬೇಕು. ಸಂಖ್ಯೆ 1000 ದಾಟಿ ಏರಿ ಎಲ್ಲೋ ಒಂದು ಕಡೆ ನಿಂತರೆ ಒಳಗಿನ್ನೂ ತೇವವಿದೆ, ಅದು ಆವಿಯಾಗುತ್ತಿದೆ ಎಂದರ್ಥ. ಇನ್ನಷ್ಟು ಹೊತ್ತು ಪಂಪ್ ಓಡಿಸಬೇಕು. ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ. ಪಂಪ್ ಓಡಿಸಿ ಪ್ರಯೋಜನವಿಲ್ಲ, ಜೋಡಣೆ ಬಿಚ್ಚಬೇಕು. 1000 ದಾಟದೆ ಉಳಿದರೆ ಗ್ಯಾಸ್ ಬಿಡಬಹುದು. ಇಡೀ ಫಿಟ್ಟಿಂಗ್‌ನಲ್ಲಿ ಇಷ್ಟು ಖಚಿತವಾಗಿ ಮಾತಾಡುವ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ. ಒಂದೇ ಸಂಖ್ಯೆ ಎರಡು ಬೇರೆ ಬೇರೆ ತಪ್ಪುಗಳನ್ನು ಬೇರ್ಪಡಿಸಿ ಹೇಳುತ್ತದೆ, ಅದೂ ತಪ್ಪನ್ನು ತಿದ್ದಲು ಇನ್ನೂ ಸಮಯವಿರುವಾಗ.

ಹಳಬರ ಆಕ್ಷೇಪವನ್ನು ಲಘುವಾಗಿ ನೋಡಬಾರದು. "ನಾವು ಪಂಪನ್ನೇ ನೋಡಿದವರಲ್ಲ, ನಾವು ಹಾಕಿದ ಎ.ಸಿ.ಗಳು ಹದಿನೈದು ವರ್ಷ ಓಡಿವೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆರ್-22 ಜೊತೆಗಿದ್ದದ್ದು ಖನಿಜ ಎಣ್ಣೆ, ಅದು ತೇವವನ್ನು ಹೀಗೆ ಹೀರುತ್ತಿರಲಿಲ್ಲ. ಒತ್ತಡವೂ ಕಡಿಮೆ: 30 ಡಿಗ್ರಿಯಲ್ಲಿ ನಿಂತ ಯಂತ್ರದೊಳಗೆ ಆರ್-22ರದ್ದು ಸುಮಾರು 160 ಪಿ.ಎಸ್.ಐ., ಆರ್-32ರದ್ದು 260ರ ಆಚೆ. ಹಳೆಯ ಯಂತ್ರ ಕ್ಷಮಿಸುತ್ತಿದ್ದುದನ್ನು ಹೊಸದು ಕ್ಷಮಿಸುವುದಿಲ್ಲ. ಆ ಹದಿನೈದು ವರ್ಷಗಳ ಒಳಗೆ ಏನಿತ್ತು ಎಂಬುದನ್ನೂ ನೋಡಬೇಕು. ಪ್ರತಿ ಮಾರ್ಚ್‌ನಲ್ಲಿ ಸರ್ವಿಸ್, ಸರ್ವಿಸ್ ಎಂದರೆ ಗ್ಯಾಸ್ ಹಾಕಿಸುವುದು ಎಂಬ ರೂಢಿ ಬೆಳೆದದ್ದು ಆಗಲೇ. ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಂತೆ ಎ.ಸಿ.ಗೆ ಗ್ಯಾಸ್ ಹಾಕಿಸಬೇಕು ಎಂದು ಎಷ್ಟೋ ಮನೆಗಳು ಈಗಲೂ ನಂಬಿವೆ. ಎ.ಸಿ. ಗ್ಯಾಸನ್ನು ಖರ್ಚು ಮಾಡುವುದಿಲ್ಲ. ಕಡಿಮೆಯಾಯಿತೆಂದರೆ ಸೋರಿದೆ, ಸೋರಿದ್ದರೆ ಬಹುಮಟ್ಟಿಗೆ ಆ ನಾಲ್ಕು ಜೋಡಣೆಗಳಲ್ಲಿ ಒಂದರಲ್ಲಿ. ವರ್ಷ ವರ್ಷ ತೆತ್ತ ಗ್ಯಾಸಿನ ದುಡ್ಡು ಮೊದಲ ದಿನದ ಕೆಲಸದ ಬಾಕಿ. ಅದನ್ನು ಯಾರೂ ಹಾಗೆ ಲೆಕ್ಕ ಹಾಕಲಿಲ್ಲವಾದ್ದರಿಂದ ಹಳೆಯ ಕ್ರಮ ಅಗ್ಗವೆನ್ನಿಸಿತು.

ಜೋಡಣೆಯ ವಿಷಯ ಬಂದ ಮೇಲೆ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೈಗುಣ ಎನ್ನುವುದು ಇಲ್ಲಿ ನಿಜವಾಗಿ ಇದೆ. ಕೊಳವೆಯನ್ನು ಕಟರ್‌ನಿಂದ ನೇರವಾಗಿ ಕತ್ತರಿಸಬೇಕು, ಒಳ ಅಂಚಿನಲ್ಲಿ ಎದ್ದ ತಾಮ್ರದ ಚೂಪನ್ನು ಕೆರೆದು ತೆಗೆಯಬೇಕು, ಕೆರೆಯುವಾಗ ಚೂರು ಒಳಗೆ ಬೀಳದಂತೆ ಬಾಯಿಯನ್ನು ಕೆಳಮುಖ ಮಾಡಿ ಹಿಡಿಯಬೇಕು. ನಟ್ಟನ್ನು ಮೊದಲೇ ತೂರಿಸಿ, ಆಮೇಲೆ ಫ್ಲೇರಿಂಗ್ ಟೂಲ್‌ನಿಂದ ತುದಿಯನ್ನು ಅರಳಿಸಬೇಕು. ಅರಳಿದ ಬಾಯಿ ಎಲ್ಲ ಕಡೆಯೂ ಸಮನಾಗಿದ್ದು, ಬಿರುಕಿಲ್ಲದೆ ಹೊಳೆಯಬೇಕು. ಹೆಚ್ಚು ಅರಳಿದರೆ ನಟ್ಟಿನೊಳಗೆ ಕೂರುವುದಿಲ್ಲ, ಕಡಿಮೆಯಾದರೆ ಒತ್ತಡಕ್ಕೆ ಜಾರುತ್ತದೆ. ಇನ್ನು ಬಿಗಿಯುವುದು. ಗಟ್ಟಿಯಾಗಿ ಬಿಗಿದಷ್ಟೂ ಒಳ್ಳೆಯದು ಎಂಬ ಲೆಕ್ಕ ತಾಮ್ರಕ್ಕೆ ಒಪ್ಪುವುದಿಲ್ಲ. ಕಾಲಿಂಚು ಕೊಳವೆಗೆ ಹೆಚ್ಚಿನ ಕೈಪಿಡಿಗಳು ಹೇಳುವುದು 14ರಿಂದ 18 ನ್ಯೂಟನ್ ಮೀಟರ್. ಅದನ್ನು ಮೀರಿದರೆ ಅರಳಿದ ತುಟಿ ತೆಳುವಾಗಿ, ಕೆಲವು ಬೇಸಿಗೆಗಳ ಬಿಸಿ ತಂಪಿನಲ್ಲಿ ಹಿಗ್ಗಿ ಕುಗ್ಗಿ, ಸೀಳುತ್ತದೆ. ನುರಿತ ಕೈಗೆ ಆ ಬಿಗಿ ಗೊತ್ತಿರುತ್ತದೆ ಎಂದು ವಾದಿಸುವವರಿದ್ದಾರೆ. ಒಪ್ಪುತ್ತೇನೆ, ಬೆಳಿಗ್ಗೆಯ ಮೊದಲ ಮನೆಯಲ್ಲಿ ಗೊತ್ತಿರುತ್ತದೆ. ಸಂಜೆಯ ಐದನೇ ಮನೆಯಲ್ಲಿ, ಕೈ ಸೋತಿರುವಾಗ, ಟಾರ್ಕ್ ಸ್ಪ್ಯಾನರ್ ಮರೆಯದೆ ಇಟ್ಟುಕೊಳ್ಳುವ ಲೆಕ್ಕವನ್ನು ಕೈ ಮರೆಯುತ್ತದೆ. ಜೋಡಣೆಯಾದ ಮೇಲೆ ಒಣ ನೈಟ್ರೊಜನ್ ತುಂಬಿ, ಕೈಪಿಡಿ ಹೇಳಿದ ಒತ್ತಡದಲ್ಲಿ ನಿಲ್ಲಿಸಿ, ಸೋಪಿನ ನೊರೆ ಹಚ್ಚಿ ನೋಡುವುದು ಸರಿಯಾದ ಕ್ರಮ. ನೈಟ್ರೊಜನ್ ಸಿಗದಿದ್ದಾಗ ವೆಲ್ಡಿಂಗ್‌ನವರ ಆಮ್ಲಜನಕದ ಸಿಲಿಂಡರ್ ಬಳಸುವ ಯೋಚನೆಯನ್ನು ಕನಸಿನಲ್ಲೂ ಮಾಡಬಾರದು. ಒತ್ತಡದ ಆಮ್ಲಜನಕ ಎಣ್ಣೆಯನ್ನು ಮುಟ್ಟಿದರೆ ಸಿಡಿಯುತ್ತದೆ, ಅದು ಜೀವದ ಪ್ರಶ್ನೆ.

ಎಲ್ಲ ಆದ ಮೇಲೆ ಸ್ವಿಚ್ ಹಾಕಿ, ಮನೆಯ ಹಿರಿಯರು ಅಂಗೈಯನ್ನು ಗಾಳಿಗೆ ಒಡ್ಡಿ "ಹ್ಞೂಂ, ಚೆನ್ನಾಗಿದೆ" ಎನ್ನುವುದು ನಮ್ಮಲ್ಲಿ ತಪಾಸಣೆಯ ಕೊನೆ. ಈ ಅಂಗೈಯನ್ನು ಏಕೆ ನಂಬಬಾರದು ಎಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಇನ್ವರ್ಟರ್. ಒಂದೇ ವೇಗದ ಹಳೆಯ ಕಂಪ್ರೆಸರ್‌ನಲ್ಲಿ ಗ್ಯಾಸ್ ಕಡಿಮೆಯಾದರೆ ತಂಪು ಕಡಿಮೆಯಾಗುತ್ತಿತ್ತು, ದೋಷ ತಾನೇ ಕೂಗಿ ಹೇಳುತ್ತಿತ್ತು. ಇನ್ವರ್ಟರ್ ಕಂಪ್ರೆಸರ್ ಕೊರತೆಯನ್ನು ತುಂಬಿಕೊಡಲು ವೇಗ ಹೆಚ್ಚಿಸುತ್ತದೆ. ಕೋಣೆ ತಂಪಾಗುತ್ತದೆ, ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ, ಮೀಟರಿಗೆ ಗೊತ್ತಾಗುತ್ತದೆ. ಎರಡನೆಯದು ಊರು. ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ ಥರ್ಮಾಮೀಟರ್ ಹಿಡಿದು ವ್ಯತ್ಯಾಸ ನೋಡುವುದು ಅಂಗೈಗಿಂತ ಒಳ್ಳೆಯ ಪರೀಕ್ಷೆಯೇ. ಆದರೆ ಒಣ ಹವೆಯ ರಾಯಚೂರಿನಲ್ಲಿ ಆ ವ್ಯತ್ಯಾಸ ಹೆಚ್ಚು ಬರುತ್ತದೆ, ಒದ್ದೆ ಹವೆಯ ಮಂಗಳೂರಿನಲ್ಲಿ ಅದೇ ಯಂತ್ರ, ಅಷ್ಟೇ ಸರಿಯಾದ ಫಿಟ್ಟಿಂಗ್, ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ ಯಂತ್ರದ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ತಂಪಾಗಿಸುವುದಕ್ಕಲ್ಲ, ಗಾಳಿಯಲ್ಲಿರುವ ಆವಿಯನ್ನು ನೀರಾಗಿಸುವುದಕ್ಕೆ ಹೋಗುತ್ತದೆ. ಡ್ರೈನ್ ಕೊಳವೆಯಿಂದ ಗಂಟೆಗೆ ಒಂದು ಲೀಟರ್ ನೀರು ಬೀಳುತ್ತಿದ್ದರೆ ಸುಮಾರು 0.7 ಕಿಲೋವಾಟ್ ಅದಕ್ಕೇ ಖರ್ಚಾಗುತ್ತಿದೆ. ಒಂದು ಟನ್ ಎಂದರೆ 3.5 ಕಿಲೋವಾಟ್, ಅದರ ಐದನೇ ಒಂದು ಭಾಗ ಹನಿಯಾಗಿ ಹೊರಗೆ ಹೋಯಿತು. ಬಕೆಟ್ಟಿನಲ್ಲಿ ಬಿದ್ದ ಈ ನೀರನ್ನು ನೋಡದೆ ಗಾಳಿಯ ತಂಪನ್ನಷ್ಟೇ ನೋಡಿದವನು ಕರಾವಳಿಯಲ್ಲಿ ಸರಿಯಿರುವ ಯಂತ್ರಕ್ಕೂ ಗ್ಯಾಸ್ ಹಾಕಲು ಹೊರಡುತ್ತಾನೆ.

ಕೆಲಸದ ಉಳಿದ ಭಾಗಗಳು ಮುಖ್ಯವಲ್ಲವೆಂದಲ್ಲ. ಅವು ಕಣ್ಣಿಗೆ ಕಾಣುತ್ತವೆ, ಕಾಣುವುದನ್ನು ಮನೆಯವರು ಹೇಗೂ ಕೇಳುತ್ತಾರೆ. ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಬೇಕು, ಡ್ರೈನ್ ಕೊಳವೆ ಎಲ್ಲೂ ಮೇಲೇಳಬಾರದು, ಎ.ಸಿ.ಗೆ ಪ್ರತ್ಯೇಕ ಎಂ.ಸಿ.ಬಿ. ಮತ್ತು ನಿಜವಾದ ಅರ್ತಿಂಗ್ ಇರಬೇಕು. ಹೊರಗಿನ ಪೆಟ್ಟಿಗೆಯ ಜಾಗದ ಬಗ್ಗೆ ಮಾತ್ರ ಒಂದು ಮಾತು: ಅಪಾರ್ಟ್‌ಮೆಂಟುಗಳಲ್ಲಿ ಅಂದಕ್ಕೆಂದು ಅದನ್ನು ಜಾಲರಿಯ ಹಿಂದೆ, ಮುಚ್ಚಿದ ಯುಟಿಲಿಟಿ ಮೂಲೆಯಲ್ಲಿ ಬಚ್ಚಿಡುತ್ತಾರೆ. ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುವ ಪೆಟ್ಟಿಗೆಗೆ, ಹೊರಗೆ 35 ಡಿಗ್ರಿ ಇದ್ದರೂ, ಕಲಬುರಗಿಯ ಮೇ ತಿಂಗಳೇ.

ದೊಡ್ಡ ಆಕ್ಷೇಪ ಸಮಯದ್ದು, ದುಡ್ಡಿನದು. ನೈಟ್ರೊಜನ್, ವ್ಯಾಕ್ಯೂಮ್, ಹತ್ತು ನಿಮಿಷದ ಕಾಯುವಿಕೆ ಎಲ್ಲ ಸೇರಿ ಒಂದು ಮನೆಗೆ ಒಂದೂವರೆ ಗಂಟೆ ಹೆಚ್ಚಾಗುತ್ತದೆ, ಬೇಸಿಗೆಯಲ್ಲಿ ಅದು ಆಗದ ಮಾತು ಎನ್ನುತ್ತಾರೆ. ಬೇಸಿಗೆಯ ನೂಕುನುಗ್ಗಲು ನಿಜ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತು, 2024ರ ಏಪ್ರಿಲ್‌ನಲ್ಲಿ 38.5 ಆಯಿತು, ಫ್ಯಾನೂ ಬೇಡವೆನ್ನುತ್ತಿದ್ದ ಊರಿನಲ್ಲಿ ಎ.ಸಿ. ನಾಳೆಯೇ ಬೇಕೆನ್ನುವವರ ಸಾಲು ನಿಂತಿತು. ಫಿಟ್ಟಿಂಗ್ ಮಾಡುವ ಹುಡುಗರಲ್ಲಿ ಬಹುಪಾಲು ಜನರಿಗೆ ಸಿಗುವುದು ಎ.ಸಿ. ಒಂದಕ್ಕೆ ಇಷ್ಟು ಎಂಬ ಲೆಕ್ಕ, ಸಂಬಳವಲ್ಲ. ಹಾಗೆ ಕೊಟ್ಟಾಗ ಕಾಯುವ ಹತ್ತು ನಿಮಿಷವೂ ಅವರ ಜೇಬಿನಿಂದಲೇ ಹೋಗುತ್ತದೆ. ಇಲ್ಲಿ ತಪ್ಪು ಹುಡುಗರದ್ದಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಐ.ಟಿ.ಐ.ಗಳಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಶನಿಂಗ್ ಎರಡು ವರ್ಷದ ಕೋರ್ಸು. ಅಲ್ಲಿ ಓದಿ ಬಂದವನಿಗೂ ಹೆಲ್ಪರ್ ಆಗಿ ಸೇರಿ ಸಜ್ಜೆಯ ಮೇಲೆಯೇ ಕಲಿತವನಿಗೂ ಒಂದೇ ದರ, ನಿಧಾನಿಸಿ ಸರಿಯಾಗಿ ಮಾಡಿದವನಿಗೆ ದಿನಕ್ಕೆ ಎರಡು ಮನೆ ಕಡಿಮೆ. 2019ರ ಭಾರತದ ಕೂಲಿಂಗ್ ಆಕ್ಷನ್ ಪ್ಲಾನ್ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಗುರಿ ಇಟ್ಟಿತು. ಒಳ್ಳೆಯ ಗುರಿ. ಆದರೆ ಕಲಿತದ್ದನ್ನು ಮಾಡಲು ಸಮಯ ಕೊಡದ ಕೂಲಿಯಲ್ಲಿ ಪ್ರಮಾಣಪತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಗೇಜು ದುಬಾರಿ ಎಂಬ ಮಾತಿಗೆ ಇಷ್ಟು ಸಾಕು: ಅದರ ಬೆಲೆ ಒಂದು ಎ.ಸಿ.ಗಿಂತ ಕಡಿಮೆ, ಅದು ಬಾಳುವುದು ನೂರಾರು ಎ.ಸಿ.ಗಳ ಫಿಟ್ಟಿಂಗ್‌ಗೆ.

ಇದರಲ್ಲಿ ಮನೆಯವರ ಪಾತ್ರವೇನು, ಅವರಿಗೆ ಮೈಕ್ರಾನ್ ಹೇಗೆ ಅರ್ಥವಾಗಬೇಕು ಎಂಬ ಪ್ರಶ್ನೆಯೂ ಇದೆ. ಸ್ಟಾರ್ ಲೆಕ್ಕ ಅರ್ಥವಾದವರಿಗೆ ಇದು ಅರ್ಥವಾಗದೆ ಇರುವುದಿಲ್ಲ. ಐದು ಸ್ಟಾರಿನ ಯಂತ್ರಕ್ಕೆ ಮೂರು ಸ್ಟಾರಿಗಿಂತ ಹಲವು ಸಾವಿರ ಹೆಚ್ಚು ಕೊಡುವವರು ಆ ಸ್ಟಾರ್ ಎಲ್ಲಿಂದ ಬಂತೆಂದು ಯೋಚಿಸಬೇಕು. 2018ರಿಂದ ಕಡ್ಡಾಯವಾಗಿರುವ ಲೆಕ್ಕದಲ್ಲಿ 24ರಿಂದ 43 ಡಿಗ್ರಿಯವರೆಗಿನ ಹೊರಗಿನ ಹವೆಯನ್ನೂ ವರ್ಷಕ್ಕೆ 1,600 ಗಂಟೆಯ ಬಳಕೆಯನ್ನೂ ಹಿಡಿದು ಸ್ಟಾರ್ ಕೊಡುತ್ತಾರೆ. ಅದು ಪ್ರಯೋಗಾಲಯದಲ್ಲಿ, ಸರಿಯಾಗಿ ವ್ಯಾಕ್ಯೂಮ್ ಮಾಡಿ, ತೂಗಿದ ಗ್ಯಾಸಿನಲ್ಲಿ ಓಡಿದ ಯಂತ್ರದ ಸ್ಟಾರ್. ಗಾಳಿ ಸೇರಿದ, ಗ್ಯಾಸ್ ಕಡಿಮೆಯಾದ ಅದೇ ಮಾದರಿಗೆ ಆ ಚೀಟಿ ಅನ್ವಯಿಸುವುದಿಲ್ಲ. ಸೋರಿದ ಗ್ಯಾಸ್ ಮನೆಯೊಂದರ ನಷ್ಟವೂ ಅಲ್ಲ. ಒಂದು ಕಿಲೋ ಆರ್-32 ನೂರು ವರ್ಷದ ಲೆಕ್ಕದಲ್ಲಿ 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಯಾಗಿಸುತ್ತದೆ. ಆರ್-410ಎ ಎರಡು ಸಾವಿರಕ್ಕೂ ಹೆಚ್ಚು. ಇಂಥ ಗ್ಯಾಸುಗಳನ್ನು ಹಂತಹಂತವಾಗಿ ಇಳಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅನುಮೋದನೆ ದೆಹಲಿಯಲ್ಲಿ ಆಗಬಹುದು, ಗ್ಯಾಸ್ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಕಾಲಿಂಚಿನ ನಟ್ಟಿನಲ್ಲಿ.

ನನಗೆ ಸರಿಯೆನ್ನಿಸುವ ಏರ್ಪಾಡು ದೊಡ್ಡದೇನಲ್ಲ. ಫಿಟ್ಟಿಂಗ್ ಬಿಲ್ಲಿನಲ್ಲಿ ಈಗ ಸ್ಟ್ಯಾಂಡಿಗೆ ಒಂದು ಸಾಲಿದೆ, ಹೆಚ್ಚುವರಿ ತಾಮ್ರದ ಕೊಳವೆಗೆ ಒಂದು ಸಾಲಿದೆ, ಗೋಡೆ ಕೊರೆದದ್ದಕ್ಕೆ ಒಂದಿದೆ. ವ್ಯಾಕ್ಯೂಮ್ ಪರೀಕ್ಷೆಗೂ ಒಂದು ಸಾಲಿರಲಿ, ಅದಕ್ಕೆ ಬೇರೆ ದರವಿರಲಿ, ಆ ದುಡ್ಡು ಕೆಲಸ ಮಾಡಿದವನಿಗೇ ಹೋಗಲಿ. ಆ ಸಾಲಿನಲ್ಲಿ ಎರಡು ಸಂಖ್ಯೆ ಬರೆಯಬೇಕು: ಪಂಪ್ ನಿಲ್ಲಿಸಿದಾಗ ಎಷ್ಟಿತ್ತು, ಹತ್ತು ನಿಮಿಷದ ನಂತರ ಎಷ್ಟಾಯಿತು. ಗೇಜಿನ ಫೋಟೊ ತೆಗೆದು ಮನೆಯವರ ಫೋನಿಗೆ ಕಳಿಸಿದರೆ ಇನ್ನೂ ಒಳ್ಳೆಯದು. ಸಂಖ್ಯೆ ಬರೆಯದ ಬಿಲ್ಲಿನಲ್ಲಿ ಆ ಸಾಲಿನ ದುಡ್ಡನ್ನು ಯಾರೂ ಕೊಡಬೇಕಾಗಿಲ್ಲ. ಐದು ವರ್ಷದ ನಂತರ ಕಂಪ್ರೆಸರ್ ಕೆಟ್ಟು ವಾರಂಟಿಯ ಮಾತು ಬಂದಾಗ, ಕಂಪನಿಯ ಎದುರಿಗೆ ಮನೆಯವರೂ ಮೆಕ್ಯಾನಿಕ್ಕೂ ಇಬ್ಬರೂ ತೋರಿಸಬಹುದಾದ ಕಾಗದ ಅದೊಂದೇ.